ಕರಾವಳಿ ಸೈಕಲ್ ಪ್ರವಾಸದಿಂದ ವ್ಯಾನ್ ಮತ್ತು ಹೆದ್ದಾರಿ ಎರಡನ್ನೂ ಕೈಬಿಡುತ್ತಿರುವ ಬಗ್ಗೆ

ಮಾನ್ಯ ಗ್ರಾಹಕರೇ ಮತ್ತು ಸಂಘದ ಸದಸ್ಯರೇ,

ಬರುವ ನವೆಂಬರ್‌ನಿಂದ ನಮ್ಮ ಸಹಕಾರ ಸಂಘದ ಕರಾವಳಿ ಸೈಕಲ್ ಪ್ರವಾಸದ ಹಿಂದೆ ಬೆಂಗಾವಲು ವ್ಯಾನ್ ಬರುವುದಿಲ್ಲ. ಉಡುಪಿಯಿಂದ ಗೋಕರ್ಣದವರೆಗೆ ಒಂದೇ ಓಟದಲ್ಲಿ ಸಾಗುತ್ತಿದ್ದ ದೀರ್ಘ ಪ್ರವಾಸವೂ ಇನ್ನು ಇರುವುದಿಲ್ಲ; ಅದರ ಬದಲು ಉಡುಪಿ ಮತ್ತು ಕುಂದಾಪುರದ ನಡುವೆ ಒಂದು, ಕುಮಟಾ ಮತ್ತು ಗೋಕರ್ಣದ ನಡುವೆ ಇನ್ನೊಂದು, ಹೀಗೆ ಎರಡು ಸಣ್ಣ ಪ್ರವಾಸಗಳನ್ನು ನಡೆಸಲು ಸಾಮಾನ್ಯ ಸಭೆ ತೀರ್ಮಾನಿಸಿದೆ. ಬೆಂಗಳೂರಿನಿಂದ ಹೋಗುವುದೂ ಹಿಂತಿರುಗುವುದೂ ರೈಲಿನಲ್ಲಿ. ಈ ಬದಲಾವಣೆಗೆ ಕಾರಣವೇನು, ಇದರಿಂದ ತಮ್ಮ ಪ್ರವಾಸದಲ್ಲಿ ಏನೇನು ವ್ಯತ್ಯಾಸವಾಗುತ್ತದೆ ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರ್. ಘಟ್ಟದಿಂದ ಇಳಿದು ಬರುವ ನೇತ್ರಾವತಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಮೊದಲಾದ ನದಿಗಳು ಈ ಉದ್ದವನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಕಡಲ ಬದಿಯ ಊರ ರಸ್ತೆ ಹಿಡಿದು ಹೊರಟವರು, ನದಿ ಕಡಲು ಸೇರುವ ಅಳಿವೆಯ ಹತ್ತಿರ ಬಂದಾಗ ರಸ್ತೆ ಮುಗಿದು ನೀರು ಎದುರಾಗುವುದು ಇಲ್ಲಿ ಸಾಮಾನ್ಯ. ಮುಂದೆ ಹೋಗಲು ಎರಡೇ ದಾರಿ: ದೋಣಿ ಇದ್ದರೆ ದೋಣಿ, ಇಲ್ಲವಾದರೆ ಪೂರ್ವಕ್ಕೆ ತಿರುಗಿ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ. ಸೈಕಲ್ ಸವಾರರು ದೋಣಿಯಲ್ಲಿ ದಾಟಬಹುದು. ಆದರೆ ಎಲ್ಲರ ಸಾಮಾನು ತುಂಬಿಕೊಂಡ ವ್ಯಾನ್ ದೋಣಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಅದು ಹೆದ್ದಾರಿಯನ್ನೇ ಹಿಡಿಯಬೇಕು. ವ್ಯಾನ್ ಹೆದ್ದಾರಿಯಲ್ಲಿ ಇರುವಾಗ ಊಟ, ವಿಶ್ರಾಂತಿ, ರಾತ್ರಿಯ ತಂಗುದಾಣ ಎಲ್ಲವೂ ಹೆದ್ದಾರಿಯ ಅಂಚಿಗೇ ಬಂದು ಸೇರುತ್ತವೆ, ಸವಾರರೂ ಅದರ ಹಿಂದೆಯೇ ಬರುತ್ತಾರೆ. ಕಾರುಗಳ ಕಾಟವಿಲ್ಲದ ಪ್ರವಾಸ ಬೇಕೆಂದು ತಾವೆಲ್ಲ ಕೇಳುತ್ತಾ ಬಂದಿದ್ದೀರಿ. ನಮ್ಮದೇ ವಾಹನವೊಂದು ದಾರಿಯನ್ನು ನಿರ್ಧರಿಸುತ್ತಿರುವವರೆಗೆ ಅದನ್ನು ಒದಗಿಸಲು ಸಾಧ್ಯವಿಲ್ಲ ಎಂಬುದೇ ಈ ತೀರ್ಮಾನದ ಮೂಲ.

ಹೆದ್ದಾರಿಯೂ ಹಿಂದಿನ ಹೆದ್ದಾರಿಯಾಗಿ ಉಳಿದಿಲ್ಲ. 17 ಎಂಬ ಸಂಖ್ಯೆಯಿಂದ ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಎರಡೂ ಬದಿಯ ಮರಗಳ ನೆರಳಿನಲ್ಲಿ ಹಾದುಹೋಗುತ್ತಿದ್ದ ರಸ್ತೆ ಈಗ ಬಹುತೇಕ ಕಡೆ ಚತುಷ್ಪಥವಾಗಿದೆ. ಮೀನಿನ ಲಾರಿಗಳು, ಟ್ಯಾಂಕರ್‌ಗಳು, ರಾತ್ರಿ ಬಸ್ಸುಗಳು ಪಕ್ಕದಲ್ಲಿ ಹಾದುಹೋಗುವಾಗ ಗಾಳಿಯ ಹೊಡೆತಕ್ಕೆ ಹ್ಯಾಂಡಲ್ ಅಲುಗುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ದ್ವಿಚಕ್ರ ವಾಹನಗಳು ಬರುತ್ತವೆ. ಅಲ್ಲಿ ಸವಾರಿ ಮಾಡಿಸುವುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ.

ಈ ಕಾರಣದಿಂದಲೇ ಅನೇಕರಿಗೆ ಬಹಳ ಪ್ರಿಯವಾದ ಮರವಂತೆಯನ್ನು ನಾವು ಬಿಡಬೇಕಾಗಿದೆ. ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವಿನ ಕಿರಿದಾದ ಪಟ್ಟಿಯ ಮೇಲೆ ಹೆದ್ದಾರಿ: ಅಲ್ಲಿ ಬದಲಿ ರಸ್ತೆಗೆ ಜಾಗವೇ ಇಲ್ಲ. ಅದರ ಉತ್ತರಕ್ಕೆ ಬೈಂದೂರು, ಭಟ್ಕಳದ ಕಡೆ ಗುಡ್ಡಗಳು ಕಡಲಿಗೆ ಹತ್ತಿರವಾಗುವುದರಿಂದ ಹೆದ್ದಾರಿಯನ್ನು ತಪ್ಪಿಸಿ ಒಂದೇ ಸಮನೆ ಸಾಗುವ ಊರ ರಸ್ತೆ ಸಿಗುವುದಿಲ್ಲ. ಮರವಂತೆಯನ್ನು ನೋಡಲೇಬೇಕೆನ್ನುವವರು ಪ್ರವಾಸ ಮುಗಿದ ಬಳಿಕ ಕುಂದಾಪುರದಿಂದ ಬಸ್ಸಿನಲ್ಲಿ ಹೋಗಿಬರಬಹುದು.

ಉಳಿದದ್ದರ ಬಗ್ಗೆ ಮಾತ್ರ ನಮಗೆ ತುಂಬು ಭರವಸೆಯಿದೆ. ದಕ್ಷಿಣದ ಪ್ರವಾಸ ಮಲ್ಪೆಯಿಂದ ಆರಂಭವಾಗುತ್ತದೆ. ಸೇತುವೆ ದಾಟಿ ಪಡುಕೆರೆಗೆ ಇಳಿದರೆ, ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ತೆಂಗಿನ ತೋಟಗಳ ಸಾಲಿನಲ್ಲಿ ಸಾಗುವ ಸಣ್ಣ ರಸ್ತೆ ಮಟ್ಟುವಿನವರೆಗೆ ಒಯ್ಯುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ ಎಂಬ ಬದನೆ ಬೆಳೆಯುವುದು ಈ ಊರಿನ ಗದ್ದೆಗಳಲ್ಲೇ. ಅಲ್ಲಿಂದ ಕಾಪುವಿಗೆ ಹೋಗಿ, 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡಿ ಮಲ್ಪೆಗೆ ಮರಳುತ್ತೇವೆ. ಮರುದಿನ ಉತ್ತರಕ್ಕೆ ಹೂಡೆಯ ಮೂಲಕ ಕೋಡಿ ಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಸೇರಿ ಕಡಲಿಗೆ ಬೀಳುವ ಈ ತುದಿಯಲ್ಲಿ ನೆಲ ಕಿರಿದಾಗುತ್ತಾ ಹೋಗಿ, ಕೊನೆಗೆ ಮನೆಗಳ ಹಿತ್ತಲಿನಲ್ಲಿ ಹೊಳೆಯೂ ಅಂಗಳದಾಚೆ ಕಡಲೂ ಕಾಣುತ್ತವೆ. ಕಡವಿನಲ್ಲಿ ಹೊಳೆ ದಾಟಿ ಹಂಗಾರಕಟ್ಟೆಗೆ ಇಳಿದು, ಕೋಟ ಪಡುಕೆರೆ, ಬೀಜಾಡಿಯ ಕಡಲ ಬದಿಯ ರಸ್ತೆಗಳಲ್ಲಿ ಕುಂದಾಪುರ ಸೇರುತ್ತೇವೆ.

ಉತ್ತರದ ಪ್ರವಾಸ ಇದಕ್ಕಿಂತ ಚಿಕ್ಕದು, ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ನಿಧಾನವಾಗಿ ಸವಿಯಬೇಕಾದದ್ದು. ಕುಮಟಾದಿಂದ ಬಾಡ, ಕಾಗಾಲಗಳ ಮೂಲಕ ಅಘನಾಶಿನಿ ಎಂಬ ಊರಿಗೆ ಬಂದು, ಅದೇ ಹೆಸರಿನ ನದಿಯನ್ನು ದೋಣಿಯಲ್ಲಿ ದಾಟಿ ತದಡಿಗೆ, ಅಲ್ಲಿಂದ ಗೋಕರ್ಣಕ್ಕೆ. ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರೂ ಕಡಲ ಉಬ್ಬರವೂ ಇಂದಿಗೂ ಅಳಿವೆಯಲ್ಲಿ ತಡೆಯಿಲ್ಲದೆ ಬೆರೆಯುತ್ತಿರುವುದರಿಂದ, ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪು ಆರಿಸುವವರನ್ನೂ, ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯನ್ನೂ ಇಲ್ಲಿ ಕಾಣಬಹುದು. ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದ ದಾರಿಯಲ್ಲಿ ಗೋಕರ್ಣ ರೋಡ್ ನಿಲ್ದಾಣ ತಲುಪಿ ರೈಲು ಹತ್ತುವುದು ಕೊನೆಯ ದಿನದ ಕಾರ್ಯಕ್ರಮ.

ಈ ರಸ್ತೆಗಳಲ್ಲಿ ಒಂದೂ ಕಾರು ಬರುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಊರವರ ವಾಹನಗಳು, ಶಾಲೆಯ ವ್ಯಾನ್, ಮೀನು ಮಾರುವವರ ಸ್ಕೂಟರ್ ಇದ್ದೇ ಇರುತ್ತವೆ. ಅವರ ರಸ್ತೆಯಲ್ಲಿ ನಾವು ಅತಿಥಿಗಳು. ಹೆದ್ದಾರಿಯನ್ನು ಅಡ್ಡ ದಾಟಬೇಕಾದ ಕೆಲವು ಕಡೆ ಎಲ್ಲರೂ ಸೈಕಲ್ ಇಳಿದು, ತಳ್ಳಿಕೊಂಡು, ಒಟ್ಟಾಗಿ ದಾಟಬೇಕೆಂಬುದು ಕಡ್ಡಾಯ ನಿಯಮ.

ವ್ಯಾನ್ ಇಲ್ಲದಿರುವುದರಿಂದ ತಮ್ಮ ಬಟ್ಟೆಬರೆ ತಮ್ಮ ಸೈಕಲ್ಲಿನ ಮೇಲೆಯೇ ಇರುತ್ತದೆ. ಹಿಂಬದಿಯ ಕ್ಯಾರಿಯರ್‌ನ ಎರಡೂ ಬದಿಗೆ ತೂಗುಬಿಡುವ ಪ್ಯಾನಿಯರ್ ಚೀಲಗಳನ್ನು ಸಂಘವೇ ಕೊಡುತ್ತದೆ; ಎರಡೂ ಸೇರಿ 8 ಕಿಲೋಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಹೊರೆ ಹೊತ್ತ ಸೈಕಲ್ ತಿರುವಿನಲ್ಲೂ ಬ್ರೇಕ್ ಹಿಡಿದಾಗಲೂ ಬೇರೆ ರೀತಿ ವರ್ತಿಸುತ್ತದೆಯಾದ್ದರಿಂದ, ಹೊರಡುವ ಮೊದಲಿನ ಭಾನುವಾರಗಳಲ್ಲಿ, ವಾಹನ ಸಂಚಾರ ನಿರ್ಬಂಧವಿರುವ ಕಬ್ಬನ್ ಪಾರ್ಕಿನ ರಸ್ತೆಗಳಲ್ಲಿ, ಚೀಲ ತುಂಬಿಕೊಂಡು ಅಭ್ಯಾಸ ಮಾಡಿಸುತ್ತೇವೆ. ಮೊದಲ ಬಾರಿ ಬರುವವರು ಇದನ್ನು ದಯವಿಟ್ಟು ತಪ್ಪಿಸಬಾರದು.

ದೋಣಿ ಹತ್ತುವಾಗಲೂ ಒಂದು ಕ್ರಮವಿದೆ. ಮೊದಲು ಚೀಲಗಳನ್ನು ಕಳಚಿ ಕೈಯಿಂದ ಕೈಗೆ ದಾಟಿಸಬೇಕು, ಆಮೇಲೆ ಸೈಕಲ್‌ಗಳನ್ನು ಒಂದೊಂದಾಗಿ ಎತ್ತಿ, ಪೆಡಲ್ ಪಕ್ಕದ ಸೈಕಲ್ಲಿನ ಕಡ್ಡಿಗಳಿಗೆ ಸಿಕ್ಕದಂತೆ ಒರಗಿಸಬೇಕು. ದೋಣಿಯವರು ಹೇಳಿದ ಜಾಗದಲ್ಲೇ ಕೂರಬೇಕು. ಊರವರು ಮೊದಲು ಹತ್ತಲಿ, ನಾವು ಮುಂದಿನ ಸರದಿಗೆ ಕಾಯೋಣ. ತಂಡದ ಗಾತ್ರವನ್ನು ಎಂಟು ಜನರಿಗೆ ಇಳಿಸಿರುವುದೂ ಇದೇ ಕಾರಣಕ್ಕೆ. ಸಂಜೆ ತಂಗುದಾಣದಲ್ಲಿ ಸಿಹಿನೀರಿನಿಂದ ಚೈನ್ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಕೊಂಡಿಕೊಂಡಿಗೂ ಎಣ್ಣೆ ಬಿಡುವ ಕೆಲಸವನ್ನು ಪ್ರತಿಯೊಬ್ಬರೂ ಮಾಡಬೇಕು. ಉಪ್ಪುಗಾಳಿಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟ ಚೈನಿನ ಮೇಲೆ ಬೆಳಗಾಗುವಷ್ಟರಲ್ಲಿ ಕಂದು ಪುಡಿ ಕಾಣಿಸಿಕೊಳ್ಳುತ್ತದೆ.

ದಿನದ ದೂರವನ್ನು 40 ಕಿಲೋಮೀಟರ್ ಆಸುಪಾಸಿಗೆ ತಗ್ಗಿಸಿದ್ದೇವೆ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ; ನೆಲ ಕಾದ ಮೇಲೆ ಅದು ತಿರುಗಿ ಪಶ್ಚಿಮ, ವಾಯವ್ಯದಿಂದ ಜೋರಾಗುವುದರಿಂದ, ಉತ್ತರಕ್ಕೆ ಹೊರಟವರಿಗೆ ಮಧ್ಯಾಹ್ನದ ಸವಾರಿ ಎದುರುಗಾಳಿಯದ್ದೇ ಆಗುತ್ತದೆ. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಟು ಊಟದ ಹೊತ್ತಿಗೆ ಸವಾರಿ ಮುಗಿಸುತ್ತೇವೆ. ಪ್ರವಾಸಗಳು ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾತ್ರ. ಮಳೆಗಾಲದಲ್ಲಿ ನಡೆಸಬೇಕೆಂಬ ಕೋರಿಕೆಯನ್ನು ನಾವು ಒಪ್ಪುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದು ಎಲ್ಲರಿಗೂ ನೆನಪಿದೆ.

ಕರಾವಳಿಗೆ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಪ್ರಯಾಣ. ಸಂಜೆ ಬೆಂಗಳೂರು ಬಿಡುವ ಈ ರೈಲು ಬೆಳಗಾಗುವ ಮೊದಲೇ ಉಡುಪಿಗೆ, ಬೆಳಗಿನ ಜಾವದಲ್ಲಿ ಕುಮಟಾಕ್ಕೆ ಮುಟ್ಟುತ್ತದೆ. ಸಂಘದ ಸೈಕಲ್‌ಗಳನ್ನು ಉಡುಪಿ ಮತ್ತು ಕುಮಟಾದಲ್ಲೇ ಇರಿಸುತ್ತಿರುವುದರಿಂದ ಹೆಚ್ಚಿನವರು ಚೀಲವೊಂದನ್ನೇ ಹಿಡಿದು ಬರಬಹುದು. ಸ್ವಂತ ಸೈಕಲ್ ತರುವವರು ಅದನ್ನು ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಬೇಕು. ದಾರಿಯಲ್ಲಿ ಮರಳೂ ಮುರಕಲ್ಲಿನ ಕಚ್ಚಾರಸ್ತೆಯೂ ಸಿಗುವುದರಿಂದ ಟೈರ್ 35 ಮಿಲಿಮೀಟರ್‌ಗಿಂತ ಕಡಿಮೆ ಅಗಲದ್ದಾಗಿರಬಾರದು.

ಸೈಕಲ್ ಕೆಟ್ಟರೆ, ಆರೋಗ್ಯ ಕೈಕೊಟ್ಟರೆ ಏನು ಗತಿ ಎಂದು ಹಲವರು ಕೇಳಿದ್ದೀರಿ. ತಂಡದ ಮುಂದೊಬ್ಬರು, ಹಿಂದೊಬ್ಬರು ಸಂಘದವರೇ ಇರುತ್ತಾರೆ; ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟ್ಯೂಬ್, ಕೇಬಲ್, ಚೈನ್ ಕೊಂಡಿಗಳು ಅವರ ಬಳಿ ಇರುತ್ತವೆ. ನಮ್ಮ ದಾರಿ ಪೇಟೆಗಳಿಂದ ತುಂಬಾ ದೂರ ಹೋಗುವುದೇ ಇಲ್ಲ. ಮುಂದೆ ಸಾಗಲಾಗದವರನ್ನು ಆಟೊದಲ್ಲಿ, ಸೈಕಲನ್ನು ಗೂಡ್ಸ್ ಆಟೊದಲ್ಲಿ ತಂಗುದಾಣಕ್ಕೆ ಕಳುಹಿಸುತ್ತೇವೆ. ಅದರ ಖರ್ಚು ಸಂಘದ್ದು. ಇಷ್ಟು ವರ್ಷ ನಮ್ಮ ವ್ಯಾನ್ ಓಡಿಸಿದ ಚಾಲಕರು ಸಂಘದ ಸದಸ್ಯರೂ ಹೌದು. ಅವರ ದುಡಿಮೆಗೆ ಕುಂದು ಬರಬಾರದೆಂಬುದು ಸಭೆಯ ಮೊದಲ ಷರತ್ತಾಗಿತ್ತು. ಸೈಕಲ್ ದುರಸ್ತಿ ಕಲಿತಿರುವ ಅವರು ಇನ್ನು ಮುಂದೆ ಉಡುಪಿಯಲ್ಲಿದ್ದುಕೊಂಡು ಎರಡೂ ಕಡೆಯ ಸೈಕಲ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ.

ವ್ಯಾನಿನ ಬಾಡಿಗೆ, ಡೀಸೆಲ್, ಸುಂಕದ ಖರ್ಚು ತಪ್ಪುವುದರಿಂದ ಪ್ರವಾಸ ಶುಲ್ಕ ಕಡಿಮೆಯಾಗುತ್ತದೆ. ಉಳಿತಾಯದ ಒಂದು ಭಾಗವನ್ನು ಊಟ, ವಸತಿ ಕೊಡುವ ಮನೆಗಳಿಗೆ ನೀಡುವ ಮೊತ್ತ ಹೆಚ್ಚಿಸಲು ಬಳಸುತ್ತಿದ್ದೇವೆ. ಹೆದ್ದಾರಿಯ ಹೋಟೆಲುಗಳಿಗೆ ಹೋಗುತ್ತಿದ್ದ ಹಣ ಈ ಊರುಗಳಲ್ಲಿ ಉಳಿಯುವುದು ನಮಗೆ ಮುಖ್ಯ. ಹೊಸ ದರಪಟ್ಟಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದೆ.

ಹಳೆಯ ಪ್ರವಾಸಕ್ಕೆ ಈಗಾಗಲೇ ಮುಂಗಡ ಕೊಟ್ಟವರು ಎರಡು ಹೊಸ ಪ್ರವಾಸಗಳಲ್ಲಿ ಯಾವುದಕ್ಕಾದರೂ ಅದನ್ನು ವರ್ಗಾಯಿಸಿಕೊಳ್ಳಬಹುದು. ವ್ಯತ್ಯಾಸದ ಹಣ ಹಿಂತಿರುಗಿಸಲಾಗುವುದು. ಹೊಸ ಏರ್ಪಾಡು ಒಪ್ಪಿಗೆಯಾಗದವರಿಗೆ ಪೂರ್ತಿ ಹಣ ಮರಳಿಸುತ್ತೇವೆ. ತಮ್ಮ ಆಯ್ಕೆಯನ್ನು ಅಕ್ಟೋಬರ್ 10ರೊಳಗೆ ಸಂಘದ ಕಚೇರಿಗೆ ಬರಹದಲ್ಲಿ ತಿಳಿಸಬೇಕೆಂದೂ, ಸ್ವಂತ ಸೈಕಲ್ ತರುವಿರಾದರೆ ಟೈರಿನ ಅಳತೆಯನ್ನು ಜೊತೆಗೇ ನಮೂದಿಸಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಸೈಕಲ್ ಪ್ರವಾಸಿಗರ ಸಹಕಾರ ಸಂಘ, ಬೆಂಗಳೂರು