ಊರಿಗೆ ಕರೆಂಟ್ ತಂದವರನ್ನೂ ನೆನೆಯೋಣ

ಮಾನ್ಯರೇ,

ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದಂದು ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೊಗೆ ಹಾರ ಹಾಕುತ್ತೇವೆ. ಹಾಕಲೇಬೇಕು. ಜೊತೆಗೆ ಹಳ್ಳಿಗಳಿಗೆ ಕರೆಂಟ್ ತಂದ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳನ್ನೂ ನೆನೆಯಬೇಕು ಅಲ್ವಾ?

ಮೊದಲು ನಮ್ಮಲ್ಲಿ ಮನೆಗಳಿಗೂ ಹೊಲದ ಪಂಪ್‌ಸೆಟ್‌ಗಳಿಗೂ ಒಂದೇ 11 ಕೆ.ವಿ. ಲೈನ್ ಇತ್ತು. ಸ್ವಲ್ಪ ಹೊತ್ತು ಪಂಪ್‌ಸೆಟ್ ಓಡಲು ಬೇಕಾದ ತ್ರೀ ಫೇಸ್, ಆಮೇಲೆ ಮನೆ ದೀಪಕ್ಕಷ್ಟೇ ಸಾಕಾಗುವ ಸಿಂಗಲ್ ಫೇಸ್. ಅದರಲ್ಲೂ ಕೆಲವರು ಕಂಡೆನ್ಸರ್ ಹಾಕಿ ಮೋಟರ್ ಓಡಿಸುತ್ತಿದ್ದರು. ಲೋಡ್ ತಾಳದೆ ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೋಗುತ್ತಿತ್ತು. ಅದನ್ನು ಟ್ರ್ಯಾಕ್ಟರ್‌ಗೆ ಹೇರಿ ಕಳಿಸಿ, ಬೇರೆಯದು ಬರುವ ತನಕ ಊರೆಲ್ಲ ಕತ್ತಲು. ಗಿರಣಿ ಮುಂದೆ ಜೋಳದ ಚೀಲಗಳು ಹಾಗೇ ಸಾಲಾಗಿ ಕೂತಿರುತ್ತಿದ್ದವು.

‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಊರಿಗೊಂದು, ಪಂಪ್‌ಸೆಟ್‌ಗಳಿಗೊಂದು ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಬೇರೆ ಮಾಡಿದರು. ಹೇಳುವುದು ಸುಲಭ. ಆದರೆ ನಮ್ಮ ಭಾಗದ ಕರೆಂಟ್ ಎಂಜಿನಿಯರ್ ಆದ ಸೆಕ್ಷನ್ ಆಫೀಸರ್ ನಕ್ಷೆ ಹಿಡಿದು ಎರೆ ಹೊಲಗಳಲ್ಲಿ ಅಡ್ಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಬ ಹೊಲದ ನಡುವೆ ಬೇಡ, ಬದುವಿನ ಮೇಲೆ ನಿಲ್ಲಿಸಿ ಅಂತ ರೈತರು ಹಟ ಹಿಡಿದರೆ, ಅಲ್ಲೇ ಕೂತು ಮಾತಾಡಿ ಲೈನಿನ ದಾರಿ ತಿದ್ದುತ್ತಿದ್ದರು. ಈಗ ರಾತ್ರಿಯೂ ಮಕ್ಕಳು ಓದುತ್ತಾರೆ. ಖಾರ ಕುಟ್ಟುವ ಮಷಿನ್‌ಗೂ ಕೆಲಸ ಜಾಸ್ತಿ.

ಬಡವರ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತುಂಬಾ ಸಂತೋಷ. ವಿದ್ಯುತ್ ಇಲಾಖೆಯಲ್ಲೇ ದುಡಿದು ನಿವೃತ್ತರಾದ ಎಂಜಿನಿಯರ್‌ಗಳನ್ನು ಮಾತ್ರ ಯಾರೂ ಕರೆದು ಕೂರಿಸುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳು ಈ ಸಲದ ಎಂಜಿನಿಯರ್‌ಗಳ ದಿನಕ್ಕೆ ಅವರನ್ನೇ ಅತಿಥಿಗಳಾಗಿ ಕರೆಯಲಿ. ಹುಡುಗರನ್ನು ಒಂದು ಹಳ್ಳಿ ಸಬ್‌ಸ್ಟೇಷನ್‌ಗೂ ಕರೆದೊಯ್ಯಲಿ.

– ಒಬ್ಬ ರೈತ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ