ಹೇಳದೆ ಕೇಳದೆ ಸರ್ವರ್ ಜಾಗ ಬದಲಿಸಿ, 8 ದಿನದಿಂದ ನಮ್ಮ ಕೌಂಟರ್ ನಿಲ್ಲಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ನಮ್ಮ ಸರ್ವರ್‌ಗಳ ಉಸ್ತುವಾರಿ ವಹಿಸಿಕೊಂಡಿರುವ ಹೋಸ್ಟಿಂಗ್ ಕಂಪನಿ, ಬೆಂಗಳೂರು

ಇವರಿಂದ,
ಕಂಪ್ಯೂಟರ್ ವಿಭಾಗ, ಪತ್ತಿನ ಸಹಕಾರ ಸಂಘ, ಕೋಲಾರ

ವಿಷಯ: ಕೌಂಟರ್ ಸರ್ವರ್‌ನಿಂದ ಖಾತೆ ಸರ್ವರ್‌ಗೆ ಜೆಎನ್‌ಡಿಐ ಲುಕ್‌ಅಪ್ (ಜಾವಾದಲ್ಲಿ ಹೆಸರು ಹೇಳಿ ಸೇವೆ ಹುಡುಕುವುದು) ಕೆಟ್ಟಿರುವುದು ಮತ್ತು ನಿಮ್ಮ ಸಿಬ್ಬಂದಿಯ ನಡವಳಿಕೆ

ಮಾನ್ಯರೇ,

ಈ 8 ದಿನದಲ್ಲಿ ನಿಮಗೆ 14 ಸಲ ಫೋನ್ ಮಾಡಿದ್ದೇನೆ. 6 ಟಿಕೆಟ್ ಹಾಕಿದ್ದೇನೆ. ಅದರಲ್ಲಿ ನಾಲ್ಕನ್ನು ನನಗೆ ಒಂದು ಮಾತೂ ಹೇಳದೆ ‘ಪರಿಹಾರವಾಗಿದೆ’ ಅಂತ ಮುಚ್ಚಿದ್ದೀರಿ. ಪರಿಹಾರ ಆಗಿಲ್ಲ. ಮೊನ್ನೆ ಶನಿವಾರ ನಮ್ಮ ಅಧ್ಯಕ್ಷರ ಎದುರಿಗೇ ನಿಮ್ಮವರು ನನ್ನ ಜೊತೆ ಮಾತಾಡಿದ ರೀತಿ ಕೇಳಿದ ಮೇಲೆ, ಇನ್ನು ಫೋನ್ ಮಾಡುವುದಿಲ್ಲ ಅಂತ ತೀರ್ಮಾನಿಸಿದೆ. ಆದಷ್ಟು ಸಮಾಧಾನದಿಂದ ಬರೆಯಬೇಕು ಅಂತಲೇ ಕೂತಿದ್ದೇನೆ.

ನಮ್ಮದು ಎರಡು ವೈಲ್ಡ್‌ಫ್ಲೈ ಸರ್ವರ್, ಅಂದರೆ ಜಾವಾ ಪ್ರೋಗ್ರಾಂಗಳನ್ನು ನಡೆಸುವ ತಂತ್ರಾಂಶ. ಒಂದು ಕೌಂಟರ್ ಕೆಲಸಕ್ಕೆ, ಇನ್ನೊಂದು ಸದಸ್ಯರ ಖಾತೆಗಳಿಗೆ. ಕೌಂಟರ್‌ನಲ್ಲಿ ಪಾಸ್‌ಬುಕ್ ನಂಬರ್ ಒತ್ತಿದರೆ, ಮೊದಲನೆಯದು ಎರಡನೆಯದರಲ್ಲಿ ಒಂದು ಹೆಸರು ಹುಡುಕುತ್ತದೆ (ಇದೇ ಜೆಎನ್‌ಡಿಐ ಲುಕ್‌ಅಪ್), ಆ ಹೆಸರಿನಲ್ಲಿರುವ ಸೇವೆಯನ್ನು ಕರೆಯುತ್ತದೆ, ಬಾಕಿ ಎಷ್ಟು, ಬಡ್ಡಿ ಎಷ್ಟು ಅಂತ ತರುತ್ತದೆ. ಇದಿಷ್ಟೇ ಕೆಲಸ. ಇವೆರಡೂ ನಿಮ್ಮ ಒಂದೇ ಮೆಷಿನ್‌ನಲ್ಲಿದ್ದವು. ಪೋರ್ಟ್, ಅಂದರೆ ಕರೆ ಬರುವ ಬಾಗಿಲಿನ ನಂಬರ್, ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ ಖಾತೆ ಸರ್ವರ್‌ಗೆ 100ರ ಆಫ್‌ಸೆಟ್ ಕೊಟ್ಟಿದ್ದೆವು, ಅದರ ನಂಬರಿಗೆ 100 ಕೂಡುತ್ತದೆ. ಹಾಗಾಗಿ ಒಂದು 8080ರಲ್ಲಿ, ಇನ್ನೊಂದು 8180ರಲ್ಲಿ. ಕೌಂಟರ್ ಸರ್ವರ್‌ನ ಪ್ರೊವೈಡರ್ ಯುಆರ್‌ಎಲ್‌ನಲ್ಲಿ, ಅಂದರೆ ಎಲ್ಲಿ ಹುಡುಕಬೇಕು ಅನ್ನುವ ವಿಳಾಸದಲ್ಲಿ, ಲೋಕಲ್‌ಹೋಸ್ಟ್ 8180 ಅಂತ ಬರೆದಿತ್ತು. ಎರಡು ವರ್ಷ ಒಂದು ದಿನವೂ ತಪ್ಪದೆ ನಡೆಯಿತು.

ಕಳೆದ ವಾರ ಭಾನುವಾರ ರಾತ್ರಿ ನೀವು ಖಾತೆ ಸರ್ವರ್ ಅನ್ನು ಎತ್ತಿ ಬೇರೆ ಮೆಷಿನ್‌ಗೆ ಹಾಕಿದಿರಿ. ಹೀಗೆ ಬದಲಾವಣೆ ಮಾಡುವುದಿದ್ದರೆ 3 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು ಅನ್ನುವುದು ನೀವೇ ಸಹಿ ಹಾಕಿದ ಒಪ್ಪಂದದಲ್ಲಿದೆ. ಕೌಂಟರ್ ನಿಂತರೆ 4 ಗಂಟೆಯೊಳಗೆ ಎಂಜಿನಿಯರ್ ಮಾತಾಡಬೇಕು ಅನ್ನುವುದೂ ಅದರಲ್ಲೇ ಇದೆ. ನಿಮ್ಮ ನಿಯಮವನ್ನು ನಿಮಗೇ ಓದಿ ಹೇಳುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ಬಂದವರು ವೇಮಗಲ್ ಕಡೆಯ ಒಬ್ಬ ಅಜ್ಜಿ. ನಮ್ಮ ಸದಸ್ಯರಲ್ಲಿ ಜಾಸ್ತಿ ಜನ ಟೊಮೆಟೊ ಬೆಳೆಗಾರರು. ಕೋಲಾರದ ಎಪಿಎಂಸಿಗೆ 15 ಕೆಜಿ ಬಾಕ್ಸ್‌ಗಳಲ್ಲಿ ಮಾಲು ಹಾಕಿ, ಮಂಡಿಯಲ್ಲಿ ಪಟ್ಟಿ ಮಾಡಿಸಿ, ದುಡ್ಡು ಹಿಡಿದು ಸೀದಾ ನಮ್ಮ ಹತ್ತಿರ ಬರುತ್ತಾರೆ. ಅಜ್ಜಿಯೂ ಹಾಗೇ ಬಂದಿದ್ದರು. ಪಾಸ್‌ಬುಕ್, ಒಡವೆ ಸಾಲದ ಚೀಟಿ, ನೋಟುಗಳು ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಮೇಲೆ ರಬ್ಬರ್ ಬ್ಯಾಂಡ್. ಸಾಲ ತೀರಿಸಿ ಎರಡೆಳೆ ಸರ ಬಿಡಿಸಿಕೊಳ್ಳಬೇಕಿತ್ತು. ಗುರುವಾರ ಮೊಮ್ಮಗಳ ಮದುವೆಗೆ ಚಪ್ಪರ. ಕೌಂಟರ್‌ನ ಹುಡುಗಿ ನಂಬರ್ ಒತ್ತಿದಳು, ಪರದೆ ಖಾಲಿ. ಬಾಕಿ ಗೊತ್ತಾಗದೆ ಒಡವೆ ಬಿಡುವ ಹಾಗಿಲ್ಲ. ಅಜ್ಜಿ ಮಧ್ಯಾಹ್ನ ಎರಡರವರೆಗೆ ಬೆಂಚಿನ ಮೇಲೆ ಕೂತಿದ್ದರು. ಎದ್ದು ಹೋಗುವಾಗ ಆ ಕವರನ್ನು ಸೆರಗಿನೊಳಗೆ ಕಟ್ಟಿಕೊಂಡು, “ನಾಳೆ ಬಂದ್ರೆ ಆಗ್ತದಾ ತಾಯಿ?” ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ, ಯಾಕೆಂದರೆ ನೀವು ಫೋನ್ ಎತ್ತಿರಲಿಲ್ಲ. ಬುಧವಾರ ನಮ್ಮ ಅಧ್ಯಕ್ಷರು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಕೈಲೆಕ್ಕ ಹಾಕಿಸಿ ಒಡವೆ ಬಿಡಿಸಿಕೊಟ್ಟರು.

ತೊಂದರೆ ಎಲ್ಲಿದೆ ಅಂತ ಸೋಮವಾರವೇ ನನಗೆ ಗೊತ್ತಾಗಿತ್ತು. ಸರ್ವರ್ ತನ್ನ ಕೆಲಸ ಬರೆದಿಡುವ ಲಾಗ್‌ನಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’ ಅಂತಿತ್ತು. ಲೋಕಲ್‌ಹೋಸ್ಟ್ ಅಂದರೆ ಅದೇ ಮೆಷಿನ್. ಅಲ್ಲಿ 8180ರಲ್ಲಿ ಈಗ ಯಾರೂ ಇಲ್ಲ. ಹೊಸ ಮೆಷಿನ್‌ನ ವಿಳಾಸ ಕೊಡಿ ಅಂತ ಕೇಳಿದೆ. ಒಂದು ಐಪಿ ವಿಳಾಸ ಕೊಡಲು ಬುಧವಾರದವರೆಗೆ ತಗೊಂಡಿರಿ. ಅದನ್ನು ಹಾಕಿದ ಮೇಲೆ ‘ಟೈಮ್ಡ್ ಔಟ್’ ಬಂತು. ಇದು ಬೇರೆ ಮಾತು. ರೆಫ್ಯೂಸ್ಡ್ ಅಂದರೆ ಮನೆವರೆಗೆ ಹೋದೆವು, ಆ ಬಾಗಿಲಲ್ಲಿ ಯಾರೂ ಇಲ್ಲ. ಟೈಮ್ಡ್ ಔಟ್ ಅಂದರೆ ದಾರಿಯಲ್ಲೇ ಯಾರೋ ತಡೆದಿದ್ದಾರೆ, ಸಾಮಾನ್ಯವಾಗಿ ಫೈರ್‌ವಾಲ್. ಹೀಗಂತ ಟಿಕೆಟ್‌ನಲ್ಲಿ ಬರೆದೆ. ಶುಕ್ರವಾರ ಅದು ಮತ್ತೆ ರೆಫ್ಯೂಸ್ಡ್ ಆಯಿತು, ಅಂದರೆ ಫೈರ್‌ವಾಲ್ ತೆರೆದಿರಿ. ಆದರೆ ವೈಲ್ಡ್‌ಫ್ಲೈ ಅನ್ನು ಸುಮ್ನೆ ಶುರು ಮಾಡಿದರೆ ಅದು 127.0.0.1ರಲ್ಲಿ, ಅಂದರೆ ತನ್ನದೇ ಮೆಷಿನ್‌ನೊಳಗಿನ ಕರೆಗೆ ಮಾತ್ರ ಕಿವಿ ಕೊಡುತ್ತದೆ, ಹೊರಗಿನ ಕರೆ ಅದಕ್ಕೆ ಕೇಳಿಸುವುದೇ ಇಲ್ಲ. ಬೈಂಡ್ ವಿಳಾಸ, ಅಂದರೆ ಅದು ಕಿವಿ ಕೊಡುವ ವಿಳಾಸ, ಬದಲಿಸಿ ಅಂತ ಬರೆದೆ. ಆ ಫೈಲ್ ಮುಟ್ಟುವ ಅನುಮತಿ ನನಗಿಲ್ಲ, ನಿಮಗೆ ಮಾತ್ರ ಇದೆ. ಅದಕ್ಕೇ ಅಲ್ವಾ ನಾವು ತಿಂಗಳು ತಿಂಗಳು ಉಸ್ತುವಾರಿ ಶುಲ್ಕ ಕಟ್ಟುತ್ತಿರುವುದು?

ಇನ್ನು ಶನಿವಾರದ ಫೋನ್. ಬೆಳಿಗ್ಗೆ 11:10ಕ್ಕೆ. ಸ್ಪೀಕರ್‌ನಲ್ಲಿ ಹಾಕಿದ್ದೆ. ಅಧ್ಯಕ್ಷರು ಪಕ್ಕದಲ್ಲಿ ನಿಂತಿದ್ದರು. ಕೌಂಟರ್ ಮುಂದೆ ಹತ್ತು ಹನ್ನೆರಡು ಜನ ಸದಸ್ಯರು.

ನಿಮ್ಮವರು ಕೇಳಿದ ಮೊದಲ ಪ್ರಶ್ನೆ, “ಮೇಡಂ, ಅಲ್ಲಿ ಸರ್ ಯಾರಾದ್ರೂ ಇದಾರಾ? ಟೆಕ್ನಿಕಲ್ ಗೊತ್ತಿರೋರು?”

ನಾನೇ ನೋಡಿಕೊಳ್ಳುವುದು, ಹೇಳಿ ಅಂದೆ.

“ಕೋಲಾರ ಅಲ್ವಾ, ನೆಟ್ ಸ್ಲೋ ಇರತ್ತೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ.”

ತೊಂದರೆ ನಿಮ್ಮದೇ ಎರಡು ಮೆಷಿನ್‌ಗಳ ನಡುವೆ ಇದೆ, ನಮ್ಮ ಮೋಡೆಮ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂದೆ. “ನಾನು ಹೇಳಿದ್ದು ಮಾಡಿ ಮೇಡಂ, ಆಮೇಲೆ ಮಾತಾಡೋಣ” ಅಂದರು. ಮಾಡಿದೆ. ಮೂರು ಸಲ ಮಾಡಿಸಿದರು. ಮೂರು ಸಲವೂ ಹಸಿರು ಲೈಟ್ ಎಷ್ಟು ಉರಿಯುತ್ತಿದೆ ಅಂತ ಎಣಿಸಿ ಹೇಳಲು ಹೇಳಿದರು. ಎಣಿಸಿ ಹೇಳಿದೆ. ಸದಸ್ಯರೆಲ್ಲ ನೋಡುತ್ತಿದ್ದರು.

ಲುಕ್‌ಅಪ್ ಆಗುತ್ತಿಲ್ಲ ಅಂತ ಮತ್ತೆ ಹೇಳಿದೆ. “ನೇಮ್ ಸಿಗ್ತಿಲ್ಲ ಅಂದ್ರೆ ಅದು ಡಿಎನ್‌ಎಸ್. ನಿಮ್ಮ ಕಂಪ್ಯೂಟರಲ್ಲಿ 8.8.8.8 ಹಾಕಿ” ಅಂದರು. ಡಿಎನ್‌ಎಸ್ ಮೆಷಿನ್‌ನ ಹೆಸರಿನಿಂದ ವಿಳಾಸ ಹುಡುಕುತ್ತದೆ. ಜೆಎನ್‌ಡಿಐ ಇಲ್ಲಿ ಹುಡುಕುವುದು ಸರ್ವರ್‌ನೊಳಗೆ ನೋಂದಾಯಿಸಿದ ಸೇವೆಯನ್ನು. ನಾನು ಐಪಿ ವಿಳಾಸವನ್ನೇ ನೇರವಾಗಿ ಕೊಟ್ಟಿದ್ದೇನೆ, ಡಿಎನ್‌ಎಸ್‌ಗೆ ಇಲ್ಲಿ ಕೆಲಸವೇ ಇಲ್ಲ. ಹೆಸರು ಸಿಗದಿದ್ದರೆ ‘ನೇಮ್ ನಾಟ್ ಫೌಂಡ್’ ಬರಬೇಕು, ಆ ಹಂತಕ್ಕೇ ನಾವಿನ್ನೂ ಹೋಗಿಲ್ಲ. ಇಷ್ಟು ವಿವರಿಸಿದ್ದಕ್ಕೆ ಅವರ ಉತ್ತರ, “ಮೇಡಂ, ಗೂಗಲ್ ನೋಡಿ ಮಾತಾಡಬೇಡಿ.”

ನಾನು ಈ ಕೆಲಸ ಶುರು ಮಾಡಿ 11 ವರ್ಷ ಆಯಿತು. ಅಧ್ಯಕ್ಷರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಕೊನೆಗೆ ಅವರ ಮೇಲಿನವರು ಲೈನಿಗೆ ಬಂದರು. ನಿಜವಾದ ಕಾರಣ ಆಗ ಹೊರಬಿತ್ತು. “ಜೆಎನ್‌ಡಿಐ ಅಂದ್ರೆ ಹ್ಯಾಕಿಂಗ್ ರಿಸ್ಕ್, ಹೊಸ ಮೆಷಿನ್‌ಗಳಲ್ಲಿ ಅದನ್ನ ಬಿಡಲ್ಲ” ಅಂದರು. ಅವರು ಹೇಳಿದ್ದು 2021ರ ಡಿಸೆಂಬರ್‌ನಲ್ಲಿ ಹೊರಬಂದ, ಲಾಗ್ ಬರೆಯುವ ಜಾವಾ ತಂತ್ರಾಂಶ ಲಾಗ್‌4ಜೆಯ ದೋಷದ ಬಗ್ಗೆ. ಅದು ಸಣ್ಣ ವಿಷಯ ಅಲ್ಲ, ನಾನೂ ಆಗ ರಾತ್ರಿಯೆಲ್ಲ ಕೂತು ಹಳೆಯ ಜಾರ್ ಫೈಲ್‌ಗಳನ್ನು ಹುಡುಕಿ ಬದಲಿಸಿದ್ದೇನೆ. ಆದರೆ ಅಲ್ಲಿ ತಪ್ಪಿದ್ದು ಲಾಗ್‌4ಜೆ 2ರಲ್ಲಿ. ಹೊರಗಿನವರು ಕಳಿಸಿದ ಸಾಲನ್ನು ಲಾಗ್‌ಗೆ ಬರೆಯುವಾಗ ಅದರೊಳಗಿನ ವಿಳಾಸಕ್ಕೆ ಅದು ಲುಕ್‌ಅಪ್ ಮಾಡುತ್ತಿತ್ತು. ಗೊತ್ತಿಲ್ಲದ ಹೊರಗಿನ ವಿಳಾಸಗಳಿಗೆ ದಾರಿ ಮುಚ್ಚಿದರೆ ಸರಿ, ಮುಚ್ಚಲೇಬೇಕು. ನಮ್ಮದೇ ಎರಡು ಮೆಷಿನ್, ಒಂದೇ ಪೋರ್ಟ್, ಒಂದೇ ದಿಕ್ಕು. ಇದಕ್ಕೂ ಅದಕ್ಕೂ ಏನು ಸಂಬಂಧ? ಬಿಡುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದರೆ, ಆರು ದಿನ ಕಾಯಿಸಿ, ಕೊನೆಗೆ ನನ್ನ ಕೈಯಲ್ಲಿ ಮೋಡೆಮ್ ಲೈಟ್ ಎಣಿಸಿದ್ದು ಯಾಕೆ?

ಅದೇ ದಿನ ಸಂಜೆ ರೆಫ್ಯೂಸ್ಡ್ ಹೋಗಿ ಮತ್ತೆ ಟೈಮ್ಡ್ ಔಟ್ ಬಂತು. ತೆರೆದಿದ್ದ ಪೋರ್ಟ್ ಅನ್ನೂ ವಾಪಸ್ ಮುಚ್ಚಿದ್ದೀರಿ. ಟಿಕೆಟ್‌ಗೆ ‘ಪರಿಹಾರವಾಗಿದೆ’ ಅಂತ ಬಂತು.

ಆಗಬೇಕಾದ ಕೆಲಸ ಅರ್ಧ ಗಂಟೆಯದು. ಕೌಂಟರ್ ಮೆಷಿನ್‌ನ ಐಪಿಗೆ ಮಾತ್ರ 8180 ತೆರೆಯಿರಿ. ಖಾತೆ ಸರ್ವರ್ ಅನ್ನು ಅದರ ಒಳಗಿನ ನೆಟ್‌ವರ್ಕ್ ವಿಳಾಸಕ್ಕೆ ಬೈಂಡ್ ಮಾಡಿ. ಆಮೇಲೆ ಅಲ್ಲಿ ಒಂದು ಅಪ್ಲಿಕೇಶನ್ ಯೂಸರ್ ಸೇರಿಸಿ. ಒಂದೇ ಮೆಷಿನ್‌ನಲ್ಲಿದ್ದಾಗ ಲೋಕಲ್ ಲಾಗಿನ್ ತಾನಾಗೇ ಆಗುತ್ತಿತ್ತು, ಪಾಸ್‌ವರ್ಡ್ ಬೇಕಿರಲಿಲ್ಲ. ಮೆಷಿನ್ ಬೇರೆಯಾದ ಮೇಲೆ ಅದು ನಡೆಯುವುದಿಲ್ಲ. ಇದನ್ನು ಈಗಲೇ ಬರೆದಿಡುತ್ತಿದ್ದೇನೆ, ಮೊದಲಿನ ಎರಡನ್ನು ಮಾಡಿ ‘ಇನ್ನು ನಿಮ್ಮ ಕಡೆ ತೊಂದರೆ’ ಅಂತ ಇನ್ನೊಂದು ವಾರ ಎಳೆಯಬೇಡಿ.

ಬುಧವಾರ ಸಂಜೆ 5 ಗಂಟೆಯೊಳಗೆ ಇದು ಆಗದಿದ್ದರೆ ಈ ತಿಂಗಳ ಬಿಲ್ ಕಟ್ಟುವುದಿಲ್ಲ. ಆಡಳಿತ ಮಂಡಳಿ ಇದಕ್ಕೆ ಒಪ್ಪಿದೆ. ಗುರುವಾರ ನಮ್ಮ ವಕೀಲರಿಂದ ನೋಟಿಸ್ ಬರುತ್ತದೆ. ಕೈಬರಹದ ರಸೀದಿ ಪುಸ್ತಕಗಳು, 14 ಕರೆಗಳ ದಿನ ಮತ್ತು ಸಮಯ, 6 ಟಿಕೆಟ್‌ಗಳ ಪ್ರತಿ, ಪ್ರತಿ ದಿನದ ಲಾಗ್, ಎಲ್ಲ ಜೋಡಿಸಿಟ್ಟಿದ್ದೇನೆ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಬಂಗಾರಪೇಟೆಯ ಸಂಘಗಳಲ್ಲಿ ನನ್ನಂತೆ ಕಂಪ್ಯೂಟರ್ ನೋಡಿಕೊಳ್ಳುವವರೆಲ್ಲ ನನಗೆ ಪರಿಚಯ. ಅವರಲ್ಲಿ ಇಬ್ಬರು ನಿಮ್ಮ ಕಂಪನಿಯ ಕೊಟೇಶನ್ ಮುಂದಿಟ್ಟುಕೊಂಡು ನನ್ನ ಅಭಿಪ್ರಾಯ ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಈ ಪತ್ರದ ಪ್ರತಿಯನ್ನೇ ಕಳಿಸುತ್ತೇನೆ.

ಇಂತಿ,
ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ,
ಪತ್ತಿನ ಸಹಕಾರ ಸಂಘ, ಕೋಲಾರ