ಇಪ್ಪತ್ತು ಸೆಕೆಂಡಿನ ಉಸಿರು

ಮ್ಯಾಂಚೆಸ್ಟರ್,
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು.

ನಿನ್ನ ಎಡ ಎದೆಗೆ ವಿಕಿರಣ ಚಿಕಿತ್ಸೆ ಕೊಡುವ ವಿಷಯ ಗವಿಪುರದ ಹೂವಿನವಳಿಗೂ ಗೊತ್ತಿತ್ತಂತೆ. ಹಗಲೆಲ್ಲ ಅದೇ ಯಂತ್ರದೊಡನೆ ಏಗುವ ಮಗಳಿಗೆ ಮಾತ್ರ ಕೊನೆಯಲ್ಲಿ ತಿಳಿಯಿತು. ಆ ಜಗಳವನ್ನು ಊರಿಗೆ ಬಂದಾಗ ಆಡುತ್ತೇನೆ.

ಕಿರಣ ಬಿಡುವಾಗ ಉಸಿರು ಹಿಡಿಯುವುದು ಯಾಕೆಂದು ವಿವರಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ ಎಂದು ಅಪ್ಪ ಸಿಡುಕಿದರು. ಅವರಿಗೆ ಓದಿ ಹೇಳು. ಹೃದಯ ಇರುವುದು ಎಡ ಎದೆಗೂಡಿನ ಒಳಮಗ್ಗುಲಿಗೇ. ಅದರ ಮುಂಭಾಗದಲ್ಲಿ ಒಂದು ಮುಖ್ಯ ರಕ್ತನಾಳ ಇಳಿಯುತ್ತದೆ. ಉಸಿರನ್ನು ತುಂಬಿಕೊಂಡರೆ ಶ್ವಾಸಕೋಶ ಉಬ್ಬಿ, ಹೃದಯ ಕೆಳಕ್ಕೂ ಹಿಂದಕ್ಕೂ ಸರಿಯುತ್ತದೆ. ಆ ಗಳಿಗೆಯಲ್ಲಿ ಮಾತ್ರ ಕಿರಣ ಬಿಡುತ್ತಾರೆ. ಹೃದಯಕ್ಕೆ ಸರಾಸರಿ ಒಂದು ಗ್ರೇ (ವಿಕಿರಣವನ್ನು ಅಳೆಯುವ ಮಾನ) ಹೆಚ್ಚು ಬಿದ್ದರೆ ಮುಂದೆ ಹೃದ್ರೋಗದ ಸಾಧ್ಯತೆ ಇದ್ದುದಕ್ಕಿಂತ ಶೇಕಡಾ 7ರಷ್ಟು ಏರುತ್ತದೆ ಎಂದು 2013ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಅಂಕಿ ಇಲ್ಲದೆ ಅಪ್ಪ ಯಾವುದನ್ನು ಒಪ್ಪಿದ್ದಾರೆ!

ಲಾಲ್‌ಬಾಗಿನ ಬಂಡೆಯ ಮೇಲೆ ಕುಂಭಕ ಮಾಡಿ ಗೆಳತಿಯರಿಂದ ಎಣಿಸಿಕೊಳ್ಳುವವಳು ನೀನು. ಒಂದು ಸಲಕ್ಕೆ ಇಪ್ಪತ್ತು ಸೆಕೆಂಡು ನಿನಗೆ ಲೆಕ್ಕಕ್ಕೇ ಇಲ್ಲ. ನನ್ನ ಚಿಂತೆಯೂ ಅದೇ. ಕಳೆದ ವಾರ ಇಲ್ಲಿಗೆ ಬಂದ ಈಜುಗಾರ್ತಿಯೊಬ್ಬರು ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡ ಉಸಿರು ಎಳೆದರು. ಪರದೆಯ ಮೇಲೆ ಉಸಿರನ್ನು ತೋರಿಸುವ ಗೆರೆ, ಅದು ನಿಲ್ಲಬೇಕಾದ ಹಸಿರು ಪಟ್ಟಿಯನ್ನು ಮುಟ್ಟಿ, ದಾಟಿ, ಮೇಲೆ ಹೋಗಿ ಕೂತಿತು. ಕಿರಣ ಹೊರಡಲೇ ಇಲ್ಲ. ಪಟ್ಟಿಯ ಎತ್ತರ ಕೆಲವೇ ಮಿಲಿಮೀಟರ್. ಚಿಕಿತ್ಸೆಗೆ ಮುಂಚೆ ಸ್ಕ್ಯಾನ್ ಮಾಡಿದ ದಿನ ಎಷ್ಟು ಎಳೆದೆಯೋ ದಿನವೂ ಅಷ್ಟೇ ಎಳೆಯಬೇಕು, ಹೆಚ್ಚಾದರೂ ತಪ್ಪು.

ಚಾಪೆಯ ಮೇಲೆ ಅಂಗಾತ ಮಲಗಿ, ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಅಭ್ಯಾಸ ಮಾಡು. ಆಪರೇಷನ್ ಆದ ಕಡೆ ಕಂಕುಳು ಸೆಳೆಯುತ್ತದೆ. ಹೇಳಿಕೊಟ್ಟ ಕೈ ವ್ಯಾಯಾಮ ಬಿಡಬೇಡ. ಮೂಗು ಮುಚ್ಚುವುದು ಬೇಡ, ಹೊಟ್ಟೆ ಉಬ್ಬಿಸುವುದೂ ಬೇಡ, ಎದೆ ಏಳಬೇಕು. ಬೆನ್ನನ್ನು ಕಮಾನಿನಂತೆ ಎತ್ತಿದರೆ ಅದು ಕಳ್ಳಲೆಕ್ಕ. ಎದೆಯ ಮೂಳೆಯ ಮೇಲೊಂದು ಬೆಂಕಿಪೊಟ್ಟಣ ಇಟ್ಟು ಅಪ್ಪ ನೋಡಲಿ: ಮೇಲೇರಬೇಕು, ಅಲುಗದೆ ನಿಲ್ಲಬೇಕು. ಎಣಿಸುವಾಗ ಅವರು ಮಗ್ಗಿ ಒಪ್ಪಿಸುವಂತೆ ಓಡಬಾರದು.

ಕೆಮ್ಮು ಬಂದರೆ ಕೆಮ್ಮಿಬಿಡು. ಒಳಗೆ ಒಬ್ಬಳೇ ಇದ್ದರೂ ಹೊರಗಿನವರು ಕ್ಯಾಮೆರಾದಲ್ಲಿ ನಿನ್ನನ್ನೇ ನೋಡುತ್ತಿರುತ್ತಾರೆ, ಕಿರಣ ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ.

ಪಕ್ಕದ ಬೀದಿಯ ಮಾವನಿಗೆ ಯಾಕೆ ಉಸಿರು ಹಿಡಿಸಲಿಲ್ಲ ಎಂದು ನೀನು ಕೇಳಿದ್ದೆ. ಮೆಟ್ಟಿಲು ಹತ್ತಿದರೇ ಏದುವವರಿಗೆ ಅದು ಆಗದು. ಶ್ವಾಸಕೋಶದ ಕೆಳಭಾಗದಲ್ಲಿರುವ ಗಡ್ಡೆ ಉಸಿರಿನೊಂದಿಗೆ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಓಡಾಡುವುದುಂಟು. ಅಂಥವರಿಗೆ ಉಸಿರಾಡುವಾಗಲೇ ಸ್ಕ್ಯಾನ್ ಮಾಡಿ, ಗಡ್ಡೆ ಓಡಾಡುವ ಜಾಗವಷ್ಟನ್ನೂ ಗುರಿಯೊಳಗೆ ಸೇರಿಸುವ ಕ್ರಮವಿದೆ.

ಮೈಮೇಲೆ ಹಾಕಿದ ಗುರುತುಗಳನ್ನು ಸೀಗೆಪುಡಿ ಹಾಕಿ ಉಜ್ಜಿಬಿಡಬೇಡ. ಬುಧವಾರ ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ. ಚಾಪೆ ಹಾಸಿರು, ನಾನೇ ಎಣಿಸುತ್ತೇನೆ.

ನಿನ್ನ ಮಗಳು